ಅಕ್ಕನ ಹರಕೆ, ನನ್ನ ಹೊಳೆ

ನಾನು ಮಾಡಿದ್ದು ತಪ್ಪು ಎಂದು ಬಹ್ರೈನಿನಲ್ಲಿರುವ ನಮ್ಮವರೆಲ್ಲ ಹೇಳಿ ಮುಗಿಸಿದ್ದಾರೆ. ಅರ್ಧ ಒಪ್ಪುತ್ತೇನೆ. ಉಳಿದರ್ಧ ಒಪ್ಪುವುದಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಏಳನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ಬಿಡಬೇಡ ಎಂದು ಶಾಲೆಯವರೂ ಹೇಳಲಿಲ್ಲ. ಆದ್ದರಿಂದ ವಾಕ್ಯಗಳ ಹೊಲಿಗೆ ಅಲ್ಲಲ್ಲಿ ಬಿಟ್ಟುಕೊಂಡಿದ್ದರೆ ಧಾರಾಳವಾಗಿ ಟೈಲರನನ್ನು ಬಯ್ಯಬಹುದು. ನಾನು ಟೈಲರನೇ.

ಟೈಲರ್ ಎಂದರೆ ಹೊಸ ಬಟ್ಟೆ ಹೊಲಿಯುವವನೆಂದು ಊರಿನವರು ತಿಳಿದಿದ್ದಾರೆ. ಬಹ್ರೈನಿನ ಸೆಗಯಾದಲ್ಲಿರುವ ನನ್ನ ಅಂಗಡಿಗೆ ಬರುವುದು ಹೆಚ್ಚಾಗಿ ಹಳೆಯ ಬಟ್ಟೆ. ಉದ್ದದ್ದನ್ನು ಗಿಡ್ಡ ಮಾಡು, ಬಿಗಿಯಾದದ್ದನ್ನು ಬಿಡಿಸು, ಹರಿದದ್ದು ಕಾಣದ ಹಾಗೆ ಮಾಡು. ಇಷ್ಟು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯರ ಮುಖಕ್ಕಿಂತ ಅವರ ಮೊಣಕಾಲು ನನಗೆ ಚೆನ್ನಾಗಿ ಗೊತ್ತು. ನೆಲಕ್ಕೆ ಟೈಲ್ಸ್ ಹಾಕುವವನ ಪ್ಯಾಂಟು ಎರಡೂ ಮೊಣಕಾಲಲ್ಲಿ ತೂತಾಗಿರುತ್ತದೆ. ಕಾರಿನ ಕೆಳಗೆ ನುಗ್ಗುವ ಮೆಕ್ಯಾನಿಕ್‌ನದ್ದು ಒಂದರಲ್ಲಿ. ಪ್ರಾರ್ಥನೆ ಮಾಡಿ ಮಾಡಿ ಮೊಣಕಾಲು ಸವೆದ ಪ್ಯಾಂಟನ್ನು ಮಾತ್ರ ನಾನು ಇದುವರೆಗೆ ನೋಡಿಲ್ಲ. ನಮ್ಮ ಭಕ್ತರ ಪ್ಯಾಂಟುಗಳು ಕೂತ ಜಾಗದಲ್ಲೇ ಸವೆಯುತ್ತವೆ.

ಈ ಮಾತು ಹೇಳಿದರೆ ಗ್ರೆಗರಿಯವರಿಗೆ ಸಿಟ್ಟು ಬರುತ್ತದೆ. ಗ್ರೆಗರಿ ನಮ್ಮ ಪ್ರಾರ್ಥನೆ ಗುಂಪಿನ ಮುಂದಾಳು. ಪೋರ್ಚುಗಲ್ ದೇಶದ ಫಾತಿಮಾ ಎಂಬ ಊರಿಗೆ ಯಾತ್ರೆ ಹೊರಡಿಸಿದವರೂ ಅವರೇ. ಫಾತಿಮಾ ಮಾತೆಯ ಕ್ಷೇತ್ರದಲ್ಲಿ ನುಣುಪು ಕಲ್ಲು ಹಾಸಿದ ಒಂದು ಉದ್ದದ ದಾರಿ ಉಂಟು. ಹರಕೆ ಹೊತ್ತವರು ಅದರ ಮೇಲೆ ಮೊಣಕಾಲಿನಲ್ಲೇ ನಡೆಯುತ್ತಾರೆ. ಆ ದಾರಿಗೆ ಹರಕೆ ಹೊತ್ತವಳು ನನ್ನ ಅಕ್ಕ ಹಿಲ್ಡಾ. ಹಿಲ್ಡಕ್ಕ ಬಹ್ರೈನಿನಲ್ಲೇ ನರ್ಸ್, ಸಲ್ಮಾನಿಯಾದಲ್ಲಿ ಮನೆ. ವಾರ್ಡಿನಲ್ಲಿ ನಿಂತೂ ನಿಂತೂ ಅವಳ ಬಲ ಮೊಣಕಾಲು ಕೈಕೊಟ್ಟಿತ್ತು, ಆಪರೇಷನ್ ನಿಶ್ಚಯವಾಗಿತ್ತು. ಕೆಟ್ಟ ಮೊಣಕಾಲಿಗೆ ಹೇಳಿಕೊಂಡ ಹರಕೆಯನ್ನು ಅದೇ ಕೆಟ್ಟ ಮೊಣಕಾಲಲ್ಲಿ ತೀರಿಸುವುದು ಹೇಗೆ? ಹಾಗಾಗಿ ಗಟ್ಟಿ ಮೊಣಕಾಲು ಇರುವ ತಮ್ಮನನ್ನು ಕಳಿಸುವುದೆಂದಾಯಿತು.

"ನನ್ನ ಬದಲಿಗೆ ನೀನು ಹೋಗಿ ಬಾ ವಿಲ್ಲಿ," ಎಂದಳು. "ಬೇರೆ ಎಂಥದೂ ಬೇಡ. ಆ ದಾರಿ ಒಂದು ಮೊಣಕಾಲಲ್ಲಿ ಮುಗಿಸು."

"ಪ್ಯಾಂಟು ಹಾಳಾಗ್ತದಲ್ಲ."

"ನೀನು ಟೈಲರ್ ಅಲ್ವಾ ಮಾರಾಯ? ತೇಪೆ ಹಾಕು."

(ನಾವು ಮಾತಾಡುವುದು ಕೊಂಕಣಿಯಲ್ಲಿ. ಕನ್ನಡಕ್ಕೆ ತರುವಾಗ ಅಕ್ಕ ಸ್ವಲ್ಪ ಮೆತ್ತಗಾಗಿದ್ದಾಳೆ.)

ಒಪ್ಪಿದೆ. ಅವಳ ಮಾತಿಗೆ ನಾನು ಒಪ್ಪದೇ ಇದ್ದದ್ದು ಯಾವಾಗ? ಶಾಲೆ ಬಿಟ್ಟು ಊರಿನ ಕಿನ್ನಿಗೋಳಿ ಪೇಟೆಯಲ್ಲಿ ಅಲೆಯುತ್ತಿದ್ದವನನ್ನು ಹೊಲಿಗೆ ಕಲಿಯಲಿಕ್ಕೆ ಕಳಿಸಿದ್ದು ಅವಳು. ವೀಸಾ ಮಾಡಿಸಿ ಈ ದ್ವೀಪಕ್ಕೆ ಕರೆಸಿಕೊಂಡದ್ದು ಅವಳು. ಅಂಗಡಿ ನೋಡಿದ್ದು, ಬೋರ್ಡಿನ ಬಣ್ಣ ಹೇಳಿದ್ದು, ನನ್ನ ಮದುವೆಗೆ ಸೂಟಿನ ಬಟ್ಟೆ ಆರಿಸಿದ್ದು ಎಲ್ಲ ಅವಳೇ. ಅವಳು ಆರಿಸಿದ್ದು ಎಲ್ಲವೂ ಒಳ್ಳೆಯದೇ ಆಗಿತ್ತು. ಅದೇ ಕಷ್ಟ. ಕೆಟ್ಟದ್ದಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ನಮ್ಮ ಗುಂಪು ಮೊದಲು ಇಳಿದದ್ದು ಪೋರ್ಟೊ ಪಟ್ಟಣದಲ್ಲಿ. ಮರುದಿನ ವಿಶ್ರಾಂತಿ, ಅದರ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಫಾತಿಮಾಕ್ಕೆ. ವಿಶ್ರಾಂತಿಯ ದಿನ ಉಳಿದವರು ಮೊಂಬತ್ತಿ, ಜಪಸರ ಕೊಳ್ಳಲು ಹೋದರು. ಹೋಟೆಲಿನ ಗೋಡೆಯ ಮೇಲೆ ಒಂದು ಚಿತ್ರ ಇತ್ತು. ಹೊಳೆ, ಹೊಳೆಗೆ ತಾಗಿದ ಸಣ್ಣ ಊರು, ಹಿಂದೆ ಗುಡ್ಡವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಇದು ಎಲ್ಲಿ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. ರೈಲು ಉಂಟು, ಹೋಗಿ ಸಂಜೆ ವಾಪಸ್ ಬರಬಹುದು ಎಂದಳು. ಹೋಗು ಎಂದು ಯಾರೂ ಹೇಳಲಿಲ್ಲ. ಬಹುಶಃ ಅದಕ್ಕೇ ಹೋದೆ.

ಆ ರೈಲು ದೌರು ಎಂಬ ಹೊಳೆಯ ಬದಿಯಲ್ಲೇ ಹೋಗುತ್ತದೆ. ಎಷ್ಟು ಬದಿ ಎಂದರೆ, ಕಿಟಕಿಯಿಂದ ಕೈ ಚಾಚಿದರೆ ಬೆರಳು ಒದ್ದೆಯಾದೀತು ಅನಿಸುವಷ್ಟು. ಬಹ್ರೈನಿಗೆ ಸುತ್ತ ಸಮುದ್ರ, ಹೊಳೆ ಒಂದೂ ಇಲ್ಲ. ಹರಿಯುವ ಸಿಹಿನೀರನ್ನು ನಾನು ನೋಡದೆ ಎಷ್ಟು ಕಾಲವಾಯಿತೆಂದು ಆ ಕಿಟಕಿಯಲ್ಲಿ ಗೊತ್ತಾಯಿತು. ಇಳಿದ ಊರಿನ ಹೆಸರು ಪಿನ್ಯಾವ್. ನಾನು ಹೇಳಿದರೆ ಅಲ್ಲಿಯವರಿಗೆ ತಿಳಿಯುತ್ತಿರಲಿಲ್ಲ, ಅವರು ಹೇಳಿದರೆ ನನಗೆ. ಸ್ಟೇಷನ್ನಿನ ಗೋಡೆಯಲ್ಲಿ ನೀಲಿ ಟೈಲ್ಸ್‌ಗಳ ಮೇಲೆ ದ್ರಾಕ್ಷಿ ಕೊಯ್ಲಿನ ಚಿತ್ರ. ಹೊರಗೆ ಬಂದರೆ ನಿಜವಾದ ಕೊಯ್ಲೇ ನಡೆಯುತ್ತಿತ್ತು. ದ್ರಾಕ್ಷಿ ತುಂಬಿದ ಪೆಟ್ಟಿಗೆಗಳನ್ನು ಹೊತ್ತ ಸಣ್ಣ ಲಾರಿಗಳು ಗುಡ್ಡದಿಂದ ಇಳಿಯುತ್ತಿದ್ದವು. ಊರಿಗೆ ಊರೇ ಹುಳಿ ಸಿಹಿ ಪರಿಮಳ.

ಊರು ಎಂದರೆ ಒಂದು ಬೀದಿ, ದೋಣಿ ಕಟ್ಟುವ ಕಟ್ಟೆ, ಒಂದು ಕಬ್ಬಿಣದ ಸೇತುವೆ. ಬೀದಿಯ ಕೊನೆಯಲ್ಲಿ ಒಂದು ಊಟದ ಅಂಗಡಿ. ಬೋರ್ಡು ಓದಿದೆ: ಪಿಂಟೊ. ನಾನೂ ಪಿಂಟೊ! ನಮ್ಮ ಕಡೆಯ ಕ್ರಿಸ್ತುವರಿಗೆ ಈ ಹೆಸರುಗಳು ಬಂದದ್ದು ಪೋರ್ಚುಗೀಸರಿಂದ ಎಂದು ಸಣ್ಣದರಿಂದ ಕೇಳಿದ್ದೇನೆ. ಆದರೆ ಕೇಳುವುದು ಬೇರೆ, ಅದು ಮೀನು ಕಾಯಿಸುವ ಹೊಗೆ ಬರುವ ಅಂಗಡಿಯ ಮೇಲೆ ಕಾಣುವುದು ಬೇರೆ. ಒಳಗಿದ್ದ ಮುದುಕಿಗೆ ಪಾಸ್‌ಪೋರ್ಟ್ ತೆಗೆದು ಹೆಸರು ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಮುಖ ನೋಡಿದಳು. ನನ್ನ ಬಣ್ಣಕ್ಕೂ ಅವಳ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಕೈಬೀಸಿ ಓಡಿಸಿ, ಕೆನ್ನೆಗೆ ಮುತ್ತು ಕೊಟ್ಟು, ಕುರ್ಚಿ ಎಳೆದು ಕೂರಿಸಿದಳು.

ನಮ್ಮ ಊರಿನಲ್ಲಿ ಇಬ್ಬರು ಪಿಂಟೊಗಳು ಬಸ್ಸಿನಲ್ಲಿ ಸಿಕ್ಕಿದರೆ ಮುಂದಿನ ಸ್ಟಾಪಿನೊಳಗೆ ಸಂಬಂಧ ಹುಡುಕಿ ತೆಗೆಯುತ್ತಾರೆ. ನಿಮ್ಮ ಮಾವನ ಚಿಕ್ಕಮ್ಮ ನಮ್ಮ ಮನೆಗೆ ಬಂದವರಲ್ಲವೋ ಎಂದು. ಇಲ್ಲಿ ಆ ಅನುಕೂಲವಿರಲಿಲ್ಲ. ಅವಳಿಗೆ ಇಂಗ್ಲಿಷ್ ಬಾರದು, ನನಗೂ ಬರುತ್ತದೆಂದು ಹೇಳಲಾರೆ. ಆದರೂ ಮೇಜು ಎಂದರೆ ಅವಳಿಗೆ ತಿಳಿಯಿತು, ಕಿಟಕಿಗೆ ಜನೇಲು ಎಂದರೆ ತಿಳಿಯಿತು, ಚಾವಿ ಎಂದರೂ ತಿಳಿಯಿತು. ಇವೆಲ್ಲ ಅವರು ನಮ್ಮಲ್ಲಿ ಬಿಟ್ಟುಹೋದ ಮಾತುಗಳಂತೆ. ಮನೆ ಸಾಮಾನಿನ ಮಟ್ಟಿಗೆ ನಾವಿಬ್ಬರು ಚೆನ್ನಾಗಿಯೇ ಮಾತಾಡಿದೆವು.

ಸಂಬಂಧಿಕರ ಮನೆಯಿಂದ ಊಟ ಮಾಡದೆ ಏಳುವುದು ನಮ್ಮಲ್ಲಿ ಇಲ್ಲ. ಎದ್ದರೆ ಅದು ಮುಂದಿನ ಮೂರು ಮದುವೆಗಳವರೆಗೆ ಮಾತಾಗುತ್ತದೆ. ರೈಲಿಗೆ ಹೊತ್ತಾಯಿತೆಂದು ನಾನು ಗಡಿಯಾರ ತೋರಿಸಿದೆ, ಅವಳು ಒಲೆ ತೋರಿಸಿದಳು. ಬಂದದ್ದು ಉಪ್ಪು ಹಾಕಿ ಒಣಗಿಸಿದ ಮೀನು, ಆಲೂಗಡ್ಡೆ, ಎಣ್ಣೆ. ನಮ್ಮಲ್ಲಿ ಒಣಮೀನು ಇದ್ದರೆ ನೆಂಟರು ಬಂದಾಗ ಮುಚ್ಚಿಡುತ್ತೇವೆ. ಅವರು ಅದನ್ನೇ ನೆಂಟನಿಗೆ ಬಡಿಸಿದರು. ಜೊತೆಗೆ ಎದುರಿನ ಗುಡ್ಡದ ವೈನ್, ಮಾವಿನ ಹಣ್ಣಿನ ರಸದ ಹಾಗೆ ದಪ್ಪ, ಸಿಹಿ. ಸಂಜೆಯ ರೈಲು ನಾನಿಲ್ಲದೆ ಹೋಯಿತು. ಮುದುಕಿ ಮಹಡಿಯ ಕೋಣೆ ತೋರಿಸಿದಳು.

ಇಲ್ಲಿಯವರೆಗಿನದ್ದಕ್ಕೆ ಸಂಪ್ರದಾಯವನ್ನು ಹಿಡಿದು ತಪ್ಪಿಸಿಕೊಳ್ಳಬಹುದು. ಮುಂದಿನದ್ದಕ್ಕೆ ಆಗುವುದಿಲ್ಲ. ಬೆಳಿಗ್ಗೆ ಗ್ರೆಗರಿ ಫೋನ್ ಮಾಡಿ, "ಬಸ್ಸು ಕಾಯುದಿಲ್ಲ. ಮೊದಲಿನ ರೈಲು ಹಿಡಿದು ಬಾ, ಅಲ್ಲಿಂದ ಬೇರೆ ಬಸ್ಸು ಉಂಟು, ಸಂಜೆಗೆ ಮುಟ್ತಿ," ಎಂದರು. ದಾರಿ ಸ್ಪಷ್ಟವಾಗಿಯೇ ಇತ್ತು. ನಾನು ಸ್ಟೇಷನ್ನಿಗೂ ಹೋದೆ. ರೈಲು ಬಂತು, ನಿಂತಿತು, ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ.

ಮತ್ತೆ ಇಡೀ ದಿನ ಏನು ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ, ಯಾವುದೋ ದೊಡ್ಡ ಪಾಪದ ನಿರೀಕ್ಷೆಯಲ್ಲಿ. ಏನೂ ಮಾಡಲಿಲ್ಲ. ಕಟ್ಟೆಯ ಮೆಟ್ಟಿಲಲ್ಲಿ ಕೂತೆ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು. ಲಾರಿಯವನೊಬ್ಬ ಒಂದು ಗೊಂಚಲು ದ್ರಾಕ್ಷಿ ಕೊಟ್ಟ, ತಿಂದೆ. ನಾನು ಯಾರ ತಮ್ಮನೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ವಯಸ್ಸಿನವರೆಗೆ ನಾನು ಹೋದಲ್ಲೆಲ್ಲ ಯಾರೋ ಕಳಿಸಿಯೇ ಹೋದದ್ದು. ಇಲ್ಲಿಗೆ ನಾನೇ ಬಂದಿದ್ದೆ. ದೊಡ್ಡವರಿಗೆ ಇದು ಸಣ್ಣ ವಿಷಯ. ನನಗೆ ಮೆಟ್ಟಿಲಿನಿಂದ ಏಳಲಿಕ್ಕೇ ಮನಸ್ಸಾಗಲಿಲ್ಲ.

ಸಂಜೆ ಅಕ್ಕನ ಫೋನು ಬಂತು.

"ಆಯ್ತಾ ವಿಲ್ಲಿ? ಪೂರ್ತಿ ದಾರಿ ಹೋದಿಯಾ?"

"ಖಲಾಸ್ ಅಕ್ಕ," ಎಂದೆ. ಗಲ್ಫಿನಲ್ಲಿ ಕೆಲಸ ಮುಗಿಯಿತು ಎನ್ನಲಿಕ್ಕೆ ಎಲ್ಲರೂ ಹೇಳುವ ಮಾತು.

"ನೋವಾಯ್ತಾ?"

"ಸ್ವಲ್ಪ."

ಆ 'ಸ್ವಲ್ಪ' ಬೇಕಿರಲಿಲ್ಲ. ಸುಳ್ಳಿಗೆ ಅಳತೆ ಸಾಕಾಗಲಿಲ್ಲವೆಂದು ನಾನು ಅದಕ್ಕೊಂದು ಅಂಚು ಕೂಡ ಹೊಲಿದೆ.

ಮರುದಿನ ಲಿಸ್ಬನ್‌ನಲ್ಲಿ ಗುಂಪನ್ನು ಕೂಡಿಕೊಂಡೆ. ನಾನು ತಡವಾಗಿ ಬೇರೆ ಬಸ್ಸಿನಲ್ಲಿ ಫಾತಿಮಾಕ್ಕೆ ಬಂದು ಹೋದೆನೆಂದು ಉಳಿದವರು ತಿಳಿದಿದ್ದರು; ನಿಜ ಗೊತ್ತಿದ್ದ ಗ್ರೆಗರಿ ಬಹ್ರೈನಿಗೆ ಬಂದ ಮೇಲೂ ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡರೆ ಹೆಚ್ಚು ದಿನ ಬರುತ್ತದೆಂದು ಅವರಿಗೆ ಗೊತ್ತು. ಎಲ್ಲಿ ಸಿಕ್ಕಿದರೂ, "ಹೇಗುಂಟು ಮೊಣಕಾಲು?" ಎಂದು ನಗುತ್ತಿದ್ದರು. ಅಷ್ಟರಲ್ಲಿ ಅಕ್ಕನ ಆಪರೇಷನ್ ಆಯಿತು. ಚೆನ್ನಾಗಿ ಆಯಿತು. ಕೋಲು ಹಿಡಿದು, ಮತ್ತೆ ಕೋಲು ಬಿಟ್ಟು, ನೆಟ್ಟಗೆ ನಡೆದಳು. ಕಂಡವರಿಗೆಲ್ಲ, "ನನ್ನ ತಮ್ಮ ಮೊಣಕಾಲಲ್ಲಿ ನಡೆದದ್ದು, ನಾನು ಕಾಲಲ್ಲಿ ನಡೀತಿದ್ದೇನೆ," ಎಂದಳು. ಕೊನೆಗೆ ಮನೆಯಲ್ಲಿ ಕೃತಜ್ಞತೆಯ ಜಪಸರ ಪ್ರಾರ್ಥನೆ ಇಟ್ಟು, ಗುಂಪನ್ನೆಲ್ಲ ಊಟಕ್ಕೆ ಕರೆದಳು.

ಜಪಸರ ಮುಗಿಯಿತು. ಅಡುಗೆಮನೆಯಿಂದ ಹಂದಿಮಾಂಸದ ಘಮ ಬರುತ್ತಿತ್ತು. ಅಕ್ಕ ಎದ್ದು, "ಈಗ ನಮ್ಮ ವಿಲ್ಲಿ ಎರಡು ಮಾತು ಹೇಳ್ತಾನೆ," ಎಂದಳು.

ಸುಮ್ಮನೆ ಇನ್ನೊಂದು ಸುಳ್ಳು ಹೇಳಿದ್ದರೆ ಎಲ್ಲರೂ ಬೇಗ ಉಣ್ಣುತ್ತಿದ್ದರು. ಅಕ್ಕನ ಮುಖ ನೋಡಿದೆ. ಅಷ್ಟು ನಂಬಿಕೆಯಿಂದ ನೋಡುವವಳ ಎದುರು ಆಗಲಿಲ್ಲ. "ನಾನು ಫಾತಿಮಾಕ್ಕೆ ಹೋಗ್ಲೇ ಇಲ್ಲ ಅಕ್ಕ. ಹೋದೆ ಅಂತ ಸುಳ್ಳು ಹೇಳಿದೆ, ಅದು ನನ್ನ ತಪ್ಪು, ಕ್ಷಮಿಸು. ಆ ದಿನ ಒಂದು ಹೊಳೆಬದಿಯಲ್ಲಿ ಕೂತಿದ್ದೆ. ಅದಕ್ಕೆ ಕ್ಷಮೆ ಕೇಳುದಿಲ್ಲ."

"ವೈನ್ ಕುಡಿಲಿಕ್ಕೆ ಹೋದದ್ದು, ಅದನ್ನೂ ಹೇಳು!" ಎಂದರು ಗ್ರೆಗರಿ.

"ಕುಡಿದೆ. ಒಳ್ಳೆದಿತ್ತು."

ಹಿಂದೆ ಕೂತ ಯಾರೋ ಹೆಂಗಸು ನಗು ತಡೆಯಲಾರದೆ ಕೆಮ್ಮಿದಳು. ಅಕ್ಕ ಅಡುಗೆಮನೆಗೆ ಹೋದಳು. ಎಲ್ಲರಿಗೂ ಬಡಿಸಿದಳು. ನನ್ನ ತಟ್ಟೆಗೆ ಸನ್ನ ಎನ್ನುವ ನಮ್ಮ ಇಡ್ಲಿ ಬಂತು, ಮಾಂಸ ಬರಲಿಲ್ಲ.

ಆಮೇಲೆ ಫೋನಿಲ್ಲ, ಮಾತಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಆಪರೇಷನ್ ಮಾಡಿದ್ದು ಡಾಕ್ಟರು, ನಾನು ನಡೆಯದೆಯೂ ಕಾಲು ಸರಿಯಾಯಿತಲ್ಲ ಎಂದು ನನಗೆ ನಾನೇ ವಾದಿಸಿದೆ. ವಾದದಲ್ಲಿ ನಾನೇ ಗೆದ್ದೆ, ಆದರೂ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಮಾತ್ರ ಬೇಸರ ಎಂದು ಎಲ್ಲರ ಎದುರು ಅಳತೆ ಮಾಡಿ ಕತ್ತರಿಸಿದ್ದೆನಲ್ಲ, ಬೇಸರಕ್ಕೆ ಹಾಗೆ ಅಳತೆ ತಿಳಿಯುವುದಿಲ್ಲ.

ಮೊನ್ನೆ ಮಧ್ಯಾಹ್ನ ಅವಳೇ ಅಂಗಡಿಗೆ ಬಂದಳು. ಮೇಜಿನ ಮೇಲೆ ಯೂನಿಫಾರಂ ಪ್ಯಾಂಟುಗಳನ್ನು ಎಸೆದು, "ಬಲಗಾಲು ಗಿಡ್ಡ ಆಗ್ತದೆ," ಎಂದಳು. ಆಗಲೇಬೇಕು. ಮೊಣಕಾಲು ಹೊರಗೆ ಬಾಗಿದಂತೆಲ್ಲ ಆ ಬದಿಯ ಅಂಚು ನೆಲಕ್ಕೆ ಎಳೆಯುತ್ತದೆಂದು, ವರ್ಷ ವರ್ಷವೂ ಅದನ್ನು ಅವಳಿಗೆ ಹೇಳದೆ ಸ್ವಲ್ಪ ಸ್ವಲ್ಪ ಮೇಲಕ್ಕೆ ಮಡಚುತ್ತಾ ಬಂದವನು ನಾನು. ಈಗ ಕಾಲು ನೆಟ್ಟಗಾಗಿತ್ತು. ಕೂತು ಹಳೆಯ ಮಡಿಕೆಗಳನ್ನು ಬಿಚ್ಚತೊಡಗಿದೆ. ಒಂದರೊಳಗೆ ಒಂದು, ಎಷ್ಟೊಂದು.

ಅವಳು ನೋಡುತ್ತಾ ಕೂತಳು. "ನಾನು ಕಳಿಸಿದ್ದೆಲ್ಲ ನಿಂಗೆ ಅಷ್ಟು ಭಾರ ಆಯ್ತಾ?" ಎಂದಳು.

"ಭಾರ ಅಲ್ಲ. ಒಂದು ಸಲ ನಾನೇ ಹೋಗ್ಬೇಕಿತ್ತು."

"ನಿನ್ನನ್ನು ಕಳಿಸ್ಲಿಕ್ಕೆ ನಾನು ಒಬ್ಬಳಾದ್ರೂ ಇದ್ದೆ," ಎಂದಳು. "ನನ್ನನ್ನು ಯಾರು ಎಲ್ಲಿಗೆ ಕಳಿಸಿದ್ರು ಹೇಳು. ಡ್ಯೂಟಿಗೆ ಬಿಟ್ಟು?"

ಅವಳೂ ಎಲ್ಲಾದರೂ ಹೋಗಬೇಕೆಂದು ಆಸೆಪಟ್ಟಿರಬಹುದೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಕತ್ತರಿ ಕೆಳಗಿಟ್ಟೆ.

"ನಾನು ಕಳಿಸ್ತೇನೆ. ಈ ಸಲ ರಜೆಗೆ ಹೋಗು. ಆ ಹೊಳೆ ಊರಿಗೆ."

"ಫಾತಿಮಾಕ್ಕೆ?"

"ಬೇಕಾದ್ರೆ ಹೋಗು. ಕಾಲಲ್ಲೇ ನಡಿ. ಮೊಣಕಾಲೂರಬಾರದು ಅಂತ ನಿನ್ನ ಡಾಕ್ಟರೇ ಹೇಳಿದ್ದಾರಲ್ಲ."

"ಆ ಊರಲ್ಲಿ ಎಂಥ ಮಾಡುದು?"

"ಎಂಥದೂ ಇಲ್ಲ. ಕೂರುದು."

"ಬರೇ ಕೂರುದಾ? ಇಡೀ ದಿನ?" ಎಂದಳು, ನಾನು ಅವಳಿಗೆ ಯಾವುದೋ ಕಷ್ಟದ ಪರೀಕ್ಷೆ ಬರೆಯಲು ಹೇಳಿದ ಹಾಗೆ. ಇಷ್ಟು ಕಾಲ ನಿಂತೇ ಬದುಕಿದವಳು. "ಒಬ್ಬಳೇ?"

"ಒಬ್ಬಳೇ."

"ನೋಡುವ," ಎಂದಳು. ನಮ್ಮ ಕಡೆ 'ನೋಡುವ' ಎಂದರೆ ಹೆಚ್ಚಾಗಿ ಇಲ್ಲ ಎಂದೇ. ನಾನು ಅಂಚು ಹೊಲಿದು ಕೊಟ್ಟ ಪ್ಯಾಂಟುಗಳನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದಳು. ಹೊರಗೆ ಸೆಗಯಾದ ಬೀದಿ ಬಿಸಿಲಿಗೆ ಬೇಯುತ್ತಿತ್ತು. ಬಾಗಿಲು ಹಿಡಿದುಕೊಂಡೇ ತಿರುಗಿ ಕೇಳಿದಳು:

"ಹೊಳೆಬದಿ ಅಲ್ವಾ, ಸಂಜೆಗೆ ಚಳಿ ಉಂಟಾ ಅಲ್ಲಿ?"