ಡೈರಿ ಅತ್ತೆಯ ಹೊಸ ಗಾಡಿ

ನಾಗಮಂಗಲದ ಶೋರೂಮಿನ ಹಿಂದುಗಡೆ ಒಂದು ತಗಡಿನ ಶೆಡ್ಡು ಇದೆ. ಎಕ್ಸ್‌ಚೇಂಜಿಗೆ ಬಂದ ಹಳೆ ಗಾಡಿಗಳನ್ನೆಲ್ಲ ಅಲ್ಲಿ ತಂದು ನಿಲ್ಲಿಸುತ್ತಾರೆ. ಹೋದ ವಾರ ನನ್ನ ಸ್ಕೂಟರನ್ನೂ ಅಲ್ಲಿಗೇ ತಳ್ಳಿಕೊಂಡು ಹೋಗಿ ಬಿಟ್ಟೆ. ಬಿಟ್ಟು ತಿರುಗುವಾಗ ಮೂಗಿಗೆ ಬಡಿಯಿತು... ಬಿಸಿಲಿಗೆ ಕಾದ ಪೆಟ್ರೋಲಿನ ಜೊತೆಗೆ ಹುಳಿಬಂದ ಹಾಲಿನ ವಾಸನೆ. ಪಕ್ಕದಲ್ಲಿ ಯಾರೋ ಹಾಲಿನವರ ಗಾಡಿ ನಿಂತಿತ್ತು. ಕ್ಯಾನು ಕಟ್ಟಿ ಕಟ್ಟಿ ಎರಡೂ ಮಗ್ಗುಲಿನ ಬಣ್ಣ ಎದ್ದುಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಿದ್ದರು. ಡೈರಿ ಅತ್ತೆಯ ಹಳೆ ಗಾಡಿಯದೂ ಇದೇ ವಾಸನೆ, ನಾನು ನಿಂತೇ ಇದ್ದೆ. ದುಃಖ ಬಂತು ಎಂದು ಸುಳ್ಳು ಹೇಳುವುದಿಲ್ಲ. ನನಗೆ ಬಂದದ್ದು ಸಿಟ್ಟು.

ಡೈರಿ ಅತ್ತೆ ನಮ್ಮ ಪಕ್ಕದ ಮನೆಯವಳು. ರಕ್ತಸಂಬಂಧ ಏನಿಲ್ಲ, ಬುದ್ಧಿ ಬಂದಾಗಿನಿಂದ ಅತ್ತೆ ಎಂದೇ ಕರೆದು ಅಭ್ಯಾಸ. ಗಂಡ ಬೇಗ ಹೋದ. ಬಿಂಡಿಗನವಿಲೆಗೆ ಹತ್ತಿರದ ನಮ್ಮೂರಿನಲ್ಲಿ ಹೆಂಗಸರ ಡೈರಿ ಶುರುವಾದಾಗ ಸೆಕ್ರೆಟರಿ ಆಗಲು ಒಬ್ಬರೂ ಮುಂದೆ ಬರಲಿಲ್ಲವಂತೆ. "ನಾನಾಯ್ತೀನಿ ಬುಡಿ, ಅದೇನು ಹುಲಿ ಇಡಿಯೋ ಕೆಲ್ಸವಾ?" ಎಂದು ಎದ್ದವಳು ಇವಳು. ಅದಾದ ಮೇಲೆ ಒಂದು ಸ್ಕೂಟರು ತೆಗೆದಳು. ನಮ್ಮೂರಿನಲ್ಲಿ ಗಾಡಿ ಓಡಿಸಿದ ಮೊದಲನೇ ಹೆಂಗಸು ಅವಳೇ. ಅರಳಿಕಟ್ಟೆಯ ಮೇಲೆ ಕೂತ ಗಂಡಸರು ಹಲ್ಲು ಕಿರಿದರು. ಅದೇ ಗಂಡಸರು ಮುಂದೆ ಬೆಳ್ಳೂರು ಕ್ರಾಸಿಗೆ ಹೋಗಬೇಕಾದಾಗ ಅವಳ ಹಿಂದೆ ಕೂರಲು ಕಾದು ನಿಲ್ಲುತ್ತಿದ್ದರು.

ನನಗೆ ಗಾಡಿ ಕಲಿಸಿದವಳೂ ಅವಳೇ. ಒಕ್ಕಣೆ ಕಣದಲ್ಲಿ ಹಿಂದೆ ಓಡಿ ಬರುತ್ತಾ, "ಕಣ್ಣ ಮುಂದಕ್ಕೆ ಮಡಗವ್ವ, ಕಾಲ್ ಮ್ಯಾಲಲ್ಲ!" ಎಂದು ಊರಿಗೇ ಕೇಳುವ ಹಾಗೆ ಕೂಗುತ್ತಿದ್ದಳು. ಇವತ್ತು ನಾನು ದಿನಾ ಬೆಳ್ಳೂರಿನ ಸ್ಕೂಲಿಗೆ ಪಾಠ ಹೇಳಲು ಗಾಡಿಯಲ್ಲಿ ಹೋಗಿ ಬರುತ್ತಿದ್ದೇನೆ ಎಂದರೆ ಅದು ಅವಳ ಬೈಗುಳದ ಪುಣ್ಯ.

ಅವಳಿಗೆ ಇಬ್ಬರು ಮಕ್ಕಳು. ಮಗ ದೊಡ್ಡವನು. ಮಗಳು ಓದುವಾಗಲೇ ಗೋವಿಂದನಹಳ್ಳಿಯ ಹುಡುಗನೊಬ್ಬನನ್ನು ಮೆಚ್ಚಿ ಮದುವೆಯಾದಳು. ಹುಡುಗ ನಮ್ಮ ಜಾತಿಯವನಲ್ಲ. ಕುಡಿಯದವನು, ದುಡಿಯುವವನು, ಮಾತು ಮೆತ್ತಗೆ... ಏನಿದ್ದು ಏನು ಬಂತು? ಅಣ್ಣ ಎನಿಸಿಕೊಂಡವನು ತಂಗಿ ಸತ್ತಳು ಎಂದು ಎಳ್ಳುನೀರು ಬಿಟ್ಟ. ಅತ್ತೆ ಊರಿನ ಮುಂದೆ ತುಟಿ ಎರಡು ಮಾಡಲಿಲ್ಲ. ಆದರೆ ಆಗಾಗ ಡೈರಿ ಮೀಟಿಂಗು ಎಂದು ಗಾಡಿ ಹತ್ತಿ ಹೊರಟುಬಿಡುತ್ತಿದ್ದಳು. ಮೀಟಿಂಗು ಯಾವುದು ಎಂದು ಕೇರಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಹುರಳಿಕಾಯಿ ಬಿಡಿಸಿದರೆ ಒಂದು ಹಿಡಿ, ಗಿಣ್ಣು ಮಾಡಿದರೆ ಒಂದು ಡಬ್ಬಿ "ಮೀಟಿಂಗಿಗೆ" ಎಂದು ನಾವೇ ಕೊಟ್ಟು ಕಳಿಸುತ್ತಿದ್ದೆವು. ಗೊತ್ತಿಲ್ಲದವನು ಅವನೊಬ್ಬನೇ.

ಹೀಗೆ ಓಡಿ ಓಡಿ ಆ ಸ್ಕೂಟರು ಸವೆಯಿತು. ಏರು ಬಂದರೆ ನಿಂತುಹೋಗುತ್ತಿತ್ತು, ಹೊಗೆ ಕಾರುತ್ತಿತ್ತು. "ಅವ್ವಾ, ಈ ಡಕೋಟ ಕೊಟ್ಬುಟ್ಟು ಹೊಸ ಮಾಡಲ್ದು ತಗಳವ. ಬ್ಯಾಟರಿ ಗಾಡಿ, ಸದ್ದೇ ಬರಲ್ಲ" ಎಂದು ಮಗ ಹೇಳಿದಾಗ ಅತ್ತೆಗೂ ಖುಷಿಯೇ ಆಯಿತು. ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಹೊಸ ಸೀರೆ ಉಟ್ಟಿದ್ದಳು, ತಲೆಗೆ ಕನಕಾಂಬರ ಮುಡಿದಿದ್ದಳು.

ಶೋರೂಮಿನವರು ಹಳೆ ಗಾಡಿಯ ಎರಡೂ ಬೀಗದ ಕೈ ಕೇಳಿದರು. ಅತ್ತೆ ಒಂದನ್ನು ಕೊಟ್ಟಳು. ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹಸ ಮಾರುದ್ರೆ ಹಗ್ಗ ಕೊಡ್ಬಾರ್ದು ಕಣಪ್ಪ. ಕೊಟ್ಗೆ ಬರಿದಾಯ್ತದೆ."

ನಮ್ಮ ಕಡೆ ಅದು ನಡೆದು ಬಂದ ರೂಢಿ. ದನ ಮಾರಿದರೆ ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ಹಳೆ ಹಗ್ಗ ಮನೆಯಲ್ಲೇ ಉಳಿಯಬೇಕು. ಶೋರೂಮಿನ ಹುಡುಗರು ನಕ್ಕರು, ಮಗ ತಲೆ ಚಚ್ಚಿಕೊಂಡ, ಆದರೂ ಅವಳು ಕೊಡಲಿಲ್ಲ. ಹೊಸ ಗಾಡಿ ಮುಂದೆ ತಂದು ನಿಲ್ಲಿಸಿದಾಗ ಸುತ್ತ ಒಂದು ಸಲ ತಿರುಗಿ ನೋಡಿ, "ಇದ್ರ ಹಗ್ಗ ಎಲ್ಲಿ?" ಎಂದಳು. ಅದಕ್ಕೆ ಬೀಗದ ಕೈಯೇ ಇರಲಿಲ್ಲ. ಪರದೆಯ ಮೇಲೆ ನಂಬರು ಒತ್ತಿದರೆ ಶುರುವಾಗುತ್ತಿತ್ತು. "ಎಲ್ಲಾ ಅಣ್ಣನ ಫೋನಲ್ಲೇ ಅದೆ ಕಣಮ್ಮ, ನೀವು ತಲೆ ಕೆಡಿಸ್ಕೊಬ್ಯಾಡಿ" ಎಂದ ಮಾರುವ ಹುಡುಗ. ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಮಗ ಅವಳನ್ನು ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಅವ್ವನಿಗೆ ಹೊಸ ಗಾಡಿ ಕೊಡಿಸಿದ ಮಗ ಎಂದು ಊರೆಲ್ಲ ಹೊಗಳಿತು.

ಅದಾಗಿ ಸ್ವಲ್ಪ ದಿನಕ್ಕೆ ಅವನು ಕೇಳಿದ, "ಅವ್ವಾ, ಗೋವಿಂದನಹಳ್ಳೀಲಿ ಯಾವ್ ಡೈರಿ ಮೀಟಿಂಗು?"

ಕೂಗಾಡಲಿಲ್ಲವಂತೆ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಫೋನು ಹಿಡಿದು ತೋರಿಸಿದನಂತೆ. ಗಾಡಿ ಎಲ್ಲಿ ಹೋಯಿತು, ಯಾವ ಬೀದಿಯಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಎಲ್ಲ ಅದರಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತಂತೆ. ಆಮೇಲೆ ಅದರಲ್ಲೇ ಏನೋ ಒತ್ತಿ ಒಂದು ಗಡಿ ಹಾಕಿದ. ಗಾಡಿ ಬಿಂಡಿಗನವಿಲೆ ದಾಟಿದರೆ ಅವನ ಫೋನು ಕೂಗಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಹೋದರೂ ಸುಮ್ಮನಿರುವವನಲ್ಲ. "ನೀನು ಆ ಮನೆ ಹೊಸ್ಲು ತುಳ್ದದ್ದು ಗೊತ್ತಾದ್ರೆ ನಾನು ಅಲ್ಲಿಗೇ ಬಂದು ಬೀದೀಲಿ ನಿಂತ್ಕೊತೀನಿ. ಆಮೇಲೆ ಆಗಿದ್ದಾಗ್ಲಿ" ಎಂದಿದ್ದ. ಊರವರು ಕೇಳಿದರೆ, "ಅವ್ವನ ಸೇಫ್ಟಿಗೆ ಹಾಕ್ಸಿವ್ನಿ." ಸೇಫ್ಟಿಯಂತೆ ಸೇಫ್ಟಿ! ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳುತ್ತಾರೆಯೇ? ನಾನು ಹೋಗಿ ಜಗಳವನ್ನೇ ತೆಗೆದೆ. "ಅಕ್ಕಾ, ಇದು ನಮ್ಮನೆ ವಿಚಾರ" ಎಂದು ಎದ್ದು ಒಳಗೆ ಹೋದ.

ಆ ಹೊತ್ತಿಗೆ ಮಗಳು ಬಸುರಿ. ದಿನ ತುಂಬಿ ಕೆ.ಆರ್. ಪೇಟೆ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮಗು ಬಾಣಂತಿಯನ್ನು ಗೋವಿಂದನಹಳ್ಳಿಗೆ ಕರೆದುಕೊಂಡು ಬಂದಿದ್ದರು. ನಮ್ಮಲ್ಲಿ ಚೊಚ್ಚಲ ಬಾಣಂತನ ತೌರಿನದು. ತೌರು ಬಾಗಿಲು ಹಾಕಿತ್ತು. ಒಂದು ಭಾನುವಾರ ಮಗ ಯಾರದೋ ಮದುವೆಗೆಂದು ಪಾಂಡವಪುರಕ್ಕೆ ಹೋದ. ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. "ಎಲ್ಲಿದ್ದೀಯವ್ವ? ಕಿಕ್ಕೇರಿ ಕಡೆ ದಾರೀಲಿ ನಿಂತಿವ್ನಿ... ಗಾಡಿ ಏಳ್ತಾ ಇಲ್ಲ" ಎಂದಳು ಅತ್ತೆ.

ಹೋಗಿ ನೋಡಿದರೆ ಹುಣಸೆಮರದ ಕೆಳಗೆ ಗಾಡಿ ನಿಂತಿತ್ತು, ಪಕ್ಕದಲ್ಲಿ ಇವಳು. ಗಾಡಿಯ ಮುಂದೆ ಒಂದು ದೊಡ್ಡ ಚೀಲ. ಕೊಬ್ಬರಿ, ಬೆಳ್ಳುಳ್ಳಿ, ಬೆಲ್ಲ, ಒಂದು ಡಬ್ಬಿ ತುಪ್ಪ. ಮಗುವಿಗೆ ಸುತ್ತಲೆಂದು ತನ್ನ ಹಳೆ ನೂಲಿನ ಸೀರೆಗಳನ್ನು ಹರಿದು, ಒಗೆದು, ಮಡಿಸಿ ಇಟ್ಟಿದ್ದಳು.

"ಚೀಲ ಇಡ್ಕಂಡು ಬಸ್ಸಿಗೆ ನಿಂತ್ರೆ ಊರೇ ನೋಡ್ತಿತ್ತು. ಮದ್ವೆ ಮನೆ ವಾಲಗದಲ್ಲಿ ಫೋನು ಕೂಗಿದ್ದು ಕೇಳಕಿಲ್ಲ ಅಂದ್ಕೊಂಡೆ ಕಣವ್ವ" ಎಂದಳು.

ಜಾರುತ್ತಿದ್ದ ಚೀಲವನ್ನು ಸರಿ ಮಾಡೋಣವೆಂದು ಗಾಡಿ ನಿಲ್ಲಿಸಿದ್ದಾಳೆ. ಅಷ್ಟರಲ್ಲಿ ಮಗನ ಫೋನು. ಅವನಿಗೆ ಉತ್ತರ ಕೊಟ್ಟು ಮತ್ತೆ ಹೊರಡೋಣ ಎಂದರೆ ನಂಬರು ಹಿಡಿಯುತ್ತಿಲ್ಲ. ಅವನು ಮದುವೆ ಪಂಕ್ತಿಯಲ್ಲಿ ಕೂತೇ ಫೋನಿನಿಂದ ಗಾಡಿಗೆ ಬೀಗ ಹಾಕಿದ್ದ.

"ಬಾ ಅತ್ತೆ, ಗಾಡಿ ಬಿದ್ದಿರ್ಲಿ. ನನ್ ಹಿಂದೆ ಕೂತ್ಕೊ" ಎಂದೆ.

"ಬ್ಯಾಡ ಕಣವ್ವ. ನಾನು ಅಲ್ಗೆ ವೋದ್ರೆ ಅವ್ನೂ ಬತ್ತಾನೆ. ಹಸೀ ಬಾಣಂತಿ ಮುಂದೆ ರಂಪ ಬ್ಯಾಡ."

"ಹಂಗಾದ್ರೆ ಚೀಲ ಕೊಡು. ನಾನಾದ್ರೂ ಕೊಟ್ಟು ಬರ್ತೀನಿ."

"ನಿನ್ನ ಕಂಡ್ರೆ ಅವ್ವ ಯಾಕೆ ಬರ್ನಿಲ್ಲ ಅಂತ ಕೇಳ್ತಾಳೆ. ಏನಂತ ಯೋಳೀಯೆ?"

ಫೋನು ತೆಗೆದು ಮಗನಿಗೆ ಮಾಡಿದಳು. "ವಾಪಸ್ ಬತ್ತೀನಿ ಕಣಪ್ಪ, ಬುಡು" ಎಂದಳು. ಆ "ಬುಡು" ಅನ್ನುವ ಮಾತು... ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ತಾನು ಹೆತ್ತ ಮಗನನ್ನು ನಡುರಸ್ತೆಯಲ್ಲಿ ನಿಂತು ಕೇಳಿಕೊಂಡಳು. ಸ್ವಲ್ಪ ಹೊತ್ತಿಗೆ ಗಾಡಿಯ ದೀಪ ತಾನಾಗಿ ಹತ್ತಿಕೊಂಡಿತು. ಅತ್ತೆ ಅದನ್ನೇ ನೋಡಿದಳು. "ಹಗ್ಗ ಅವ್ನ ಕೈಲದೆ ನೋಡವ್ವ" ಎಂದು ಗಾಡಿ ತಿರುಗಿಸಿದಳು. ನಾನು ಹಿಂದೆ ಹಿಂದೆ ಬಂದೆ. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಹೊಂಡ ತಪ್ಪಿಸಿ, ಎದುರು ಬಂದ ಟ್ರಾಕ್ಟರಿಗೆ ದಾರಿ ಬಿಟ್ಟು, ನೆಟ್ಟಗೆ ಓಡಿಸಿಕೊಂಡು ಬಂದಳು.

ನಮ್ಮ ಮನೆಯ ಜಗುಲಿಯ ಮೇಲೆ ಕೂತು, ನನ್ನೆದುರಿಗೇ ಮಗಳಿಗೆ ಫೋನು ಮಾಡಿದಳು. "ಒಸಾ ಗಾಡಿ ನಂಗೆ ಒಗ್ತಾ ಇಲ್ಲ ಕಣವ್ವ. ಕೈ ನಡುಗ್ತದೆ, ಎದೆ ಢವಗುಟ್ತದೆ. ಇನ್ಯಾವಾಗ್ಲಾರ ಬತ್ತೀನಿ." ಫೋನು ಇಟ್ಟ ಮೇಲೆ ನನ್ನ ಕೈ ಹಿಡಿದುಕೊಂಡಳು. "ಅಣ್ಣ ಅಡ್ಡ ಬಂದ ಅಂತ ಅವ್ಳಿಗೆ ಯಾವತ್ತೂ ಯೋಳ್ಬ್ಯಾಡ. ನಾಳೆ ನಾನು ಸತ್ರೆ ತೌರು ಅಂತ ಇರೋನು ಅವ್ನೊಬ್ನೇಯ."

ಆಯಿತು ಎಂದು ಮಾತು ಕೊಟ್ಟೆ. ಕೊಡದೆ ಏನು ಮಾಡಲಿ?

ಮಾರನೇ ದಿನ ಬೆಳಗ್ಗೆ ಅವಳನ್ನು ನೋಡಲು ಹೋದರೆ ಮಗ ದೋಸೆ ತಿನ್ನುತ್ತಾ ಕೂತಿದ್ದ. ಪಕ್ಕದಲ್ಲಿ ಅದೇ ತುಪ್ಪದ ಡಬ್ಬಿ. "ಬಾಕ್ಕಾ, ಕೂತ್ಕೊ. ಅವ್ವ ಕಾಸಿರೋ ತುಪ್ಪ ಘಮ್ ಅಂತದೆ!" ಎಂದ. ಬಾಣಂತಿ ಬಾಯಿಗೆ ಬೀಳಬೇಕಾದ ತುಪ್ಪವನ್ನು ಅವಳ ಅಣ್ಣ ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದ. ಅತ್ತೆ ಒಲೆಯ ಮುಂದೆ ಇನ್ನೊಂದು ದೋಸೆ ಹುಯ್ಯುತ್ತಿದ್ದಳು. ಥೂ! ಇವತ್ತಿಗೂ ದೋಸೆಯ ಮೇಲೆ ಯಾರಾದರೂ ತುಪ್ಪ ಹಾಕಲು ಬಂದರೆ ನಾನು ಕೈ ಅಡ್ಡ ಹಿಡಿಯುತ್ತೇನೆ.

ಆಮೇಲೆ ಅತ್ತೆ ಆ ಗಾಡಿ ಮುಟ್ಟಲಿಲ್ಲ. ಡೈರಿ ಕೆಲಸವನ್ನೂ ಬೇರೆಯವರಿಗೆ ಬಿಟ್ಟಳು. ಗಾಡಿಯನ್ನು ಮಗನೇ ಓಡಿಸಿಕೊಂಡಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ... ಅವನು ಊರ ಬಾಗಿಲಿನಲ್ಲಿ ದೊಡ್ಡ ಫ್ಲೆಕ್ಸು ಕಟ್ಟಿಸಿದ. ಭಾವಪೂರ್ಣ ಶ್ರದ್ಧಾಂಜಲಿ. ಅದರಲ್ಲಿ ಹಾಕಿಸಿದ್ದು ಯಾವ ಫೋಟೋ ಗೊತ್ತೇ? ಕನಕಾಂಬರ ಮುಡಿದು ಹೊಸ ಗಾಡಿಯ ಪಕ್ಕ ನಿಂತದ್ದು! ನಾನು ಸುದ್ದಿ ತಿಳಿಸಿದ್ದಕ್ಕೆ ಮಗಳು ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಳು. ಅಣ್ಣ ಮುಖ ತಿರುಗಿಸಿದ. ಬಾ ಎಂದು ಯಾರೂ ಕರೆಯಲಿಲ್ಲ. ಹೆಣದ ಮುಖ ನೋಡಿ, ಮುಂದಿನ ಬಸ್ಸಿಗೆ ಹೊರಟುಹೋದಳು. ಶ್ರೀರಂಗಪಟ್ಟಣಕ್ಕೆ ಅಸ್ಥಿ ಬಿಡಲು ಹೋಗುವಾಗಲೂ ಅವಳಿಗೊಂದು ಮಾತು ಹೇಳಿ ಕಳಿಸಲಿಲ್ಲ.

ಇದಾಗಿ ವರ್ಷಗಳಾದವು. ಕೊಟ್ಟ ಮಾತನ್ನು ನಾನು ಹೊಟ್ಟೆಯಲ್ಲಿ ಕೆಂಡದ ಹಾಗೆ ಇಟ್ಟುಕೊಂಡಿದ್ದೆ. ಮೊನ್ನೆ ಹೊಸ ಸ್ಕೂಟರು ಕೈಗೆ ಬಂತು. ಪೂಜೆ ಮುಗಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಸೀದಾ ಗೋವಿಂದನಹಳ್ಳಿಯ ದಾರಿ ಹಿಡಿದೆ.

ಮಗಳು ಜಗುಲಿಯ ಮೇಲೆ ರಾಗಿ ಆರಿಸುತ್ತಿದ್ದಳು. ಟೀ ಕೊಟ್ಟಳು. ನನ್ನ ಗಾಡಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಥರ ನಕ್ಕು ಹೇಳಿದಳು.

"ನೀನೇ ವಾಸಿ ಕಣಕ್ಕ, ಒಸ ಗಾಡಿ ತಗಂಡು ಇಷ್ಟ್ ದೂರ ಬಂದೆ. ನಮ್ಮವ್ವ ಒಂದು ಗಾಡಿಗೆ ಹೆದ್ರಿ ಮೊಮ್ಮಗೀನ ಮುಖ ನೋಡಕ್ಕೆ ಬರ್ನಿಲ್ಲ. ಗಾಡಿ ಆಗ್ದಿದ್ರೆ ಬಸ್ಸು ಇರ್ನಿಲ್ವಾ? ಅವ್ಳಿಗೆ ಮಗನೇ ಹೆಚ್ಚಾದ, ಬುಡು."

ನನಗೆ ತಡೆಯಲಾಗಲಿಲ್ಲ. ತೌರು ಉಳಿಯಲಿ ಎಂದು ಅತ್ತೆ ಬಾಯಿ ಕಟ್ಟಿಸಿದಳು. ಎಲ್ಲಿದೆ ಆ ತೌರು? ಅರಿಶಿನ ಕುಂಕುಮಕ್ಕೆ ಒಂದು ದಿನ ಕರೆಯದ, ಮಗುವಿನ ಹೆಸರು ಏನೆಂದು ಕೇಳದ ಅಣ್ಣನನ್ನು ಕಾಪಾಡುವುದಕ್ಕೆ ಆ ತಾಯಿ ತಾನು ಕೆಟ್ಟವಳಾಗಿ ಹೋಗಿದ್ದಳು. ಸತ್ತವಳಿಗೆ ಕೊಟ್ಟ ಮಾತು ಮುರಿಯಬಾರದು ಎನ್ನುತ್ತಾರೆ. ನಾನು ಮುರಿದೆ. ವಾಲಗ, ಹುಣಸೆಮರ, ನಂಬರು, ಹಳೆ ಸೀರೆ, ತುಪ್ಪ, ಒಂದನ್ನೂ ಬಿಡದೆ ಹೇಳಿದೆ. ಅತ್ತೆ ಎಲ್ಲಿದ್ದರೂ ನನ್ನನ್ನು ಬೈಯಲಿ. ಅವಳ ಬೈಗುಳ ಕೇಳಿ ಎಷ್ಟು ದಿನವಾಯಿತೋ...

ಮಗಳು ಮೊರ ಕೆಳಗಿಟ್ಟಳು. ಅಣ್ಣನ ಹೆಸರೆತ್ತಿ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಅವನ ನೆನಪೇ ಬಂದ ಹಾಗಿರಲಿಲ್ಲ.

"ಅಂಗಾದ್ರೆ ಅವತ್ತು ಅವ್ವ ಬತ್ತಿದ್ಲಾ ಅಕ್ಕ?"

"ಬತ್ತಿದ್ಲು ಕಣೆ. ಅರ್ಧ ದಾರಿ ಬಂದಿದ್ಲು."

ಹೆಣದ ಮುಂದೆ ನಿಂತು ಒಂದು ಹನಿ ಕಣ್ಣೀರು ಹಾಕದಿದ್ದ ಹುಡುಗಿ, "ಅವ್ವಾ" ಎಂದು ಬಾಯಿಬಿಟ್ಟು ಅತ್ತಳು.