ಫೋಟೋದ ಅಂಚಿನ ಕೈ

ನಮ್ಮ ಬೀದಿಯ ಹಳೆಯ ಕಾಗದಗಳನ್ನು ಕಾಯುವ ಕೆಲಸಕ್ಕೆ ನನ್ನನ್ನು ಯಾರೂ ಬಯಸಿ ಕರೆದದ್ದಲ್ಲ. ಗೆದ್ದಲಿನ ವಿಷಯವಾಗಿ ನಾನು ಕಂಡಕಂಡವರ ಹತ್ತಿರ ಮಾತಾಡುತ್ತಿದ್ದುದರಿಂದ, ಹಾಗಾದರೆ ನೀವೇ ನೋಡಿಕೊಳ್ಳಿ ಎಂದುಬಿಟ್ಟರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಯಜಮಾನರು ಮೇಲಿನ ಕೋಣೆಯನ್ನು ಪುಕ್ಕಟೆ ಬಿಟ್ಟುಕೊಟ್ಟಿದ್ದರು. ನಾನು, ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತಿದ್ದ ಮೆಕ್ಯಾನಿಕ್ ಸಾಹೇಬರು, ಮೂಲೆಮನೆಯ ಟೈಲರಮ್ಮ, ಇಷ್ಟೇ ಜನ. ಭಾನುವಾರ ಮಧ್ಯಾಹ್ನ ಸೇರಿ, ಬೀದಿಯ ಹೋರಾಟಗಳ ಕರಪತ್ರ, ಬ್ಯಾನರು, ಫೋಟೋಗಳ ಧೂಳು ಒರೆಸಿ ಟ್ರಂಕುಗಳಲ್ಲಿ ಜೋಡಿಸುತ್ತಿದ್ದೆವು. ನಾವು ಅದನ್ನು ದಾಖಲೆ ಕೋಣೆ ಎನ್ನುತ್ತಿದ್ದೆವು. ಬೀದಿಯವರಿಗೆ ಅದು ರದ್ದಿ ರೂಮು.

ಹೆಂಚುಗಳ ನಡುವಿನ ಗಾಜಿನಿಂದ ಬಿಸಿಲಿನ ಕೋಲು ಇಳಿಯುತ್ತಿತ್ತು. ಕೆಳಗಿನಿಂದ ಕೊಬ್ಬರಿಯ ವಾಸನೆ ಏರಿ ಬರುತ್ತಿತ್ತು. ಒರೆಸಿದ ಧೂಳು ಬೆಳಕಿನಲ್ಲಿ ತೇಲುತ್ತ ನಿಂತಾಗ, ಅದು ಯಾವ ವರ್ಷವೆಂಬುದೇ ಮರೆತುಹೋಗಿ, ಎಲ್ಲ ವರ್ಷಗಳೂ ಆ ಕೋಣೆಯಲ್ಲಿ ತೂಕಡಿಸುತ್ತಿವೆ ಅನ್ನಿಸುತ್ತಿತ್ತು. ಅಂಥ ಹೊತ್ತಿನಲ್ಲೂ ನನಗೆ, ಆ ಗಾಜು ಒಡೆದರೆ ಮಳೆಗಾಲಕ್ಕೆ ಏನು ಗತಿ ಎಂಬ ಚಿಂತೆ.

ಬಹಳ ಹಿಂದೆ, ಬೀದಿಗೊಂದು ನಲ್ಲಿ ಬೇಕೆಂದು ಹೆಂಗಸರು ಖಾಲಿ ಬಿಂದಿಗೆಗಳನ್ನು ರಸ್ತೆಗೆ ಅಡ್ಡ ಇಟ್ಟು ಲಾರಿಗಳನ್ನು ತಡೆದಿದ್ದರು. ಅದರದು ಒಂದೇ ಒಂದು ಫೋಟೋ ಉಳಿದಿತ್ತು. ಹಿಂದೆ ಮಸುಕು ಮಸುಕಾಗಿ ನಿಂತ ಹೆಂಗಸರು. ಮುಂದೆ ಲಾರಿಯ ಮೂತಿ. ಅಂಚಿನಲ್ಲಿ, ಮೊಣಕೈವರೆಗೆ ಮಾತ್ರ, ಮೊದಲ ಬಿಂದಿಗೆಯನ್ನು ಇಡುತ್ತಿರುವ ಒಂದು ಕೈ.

ಕೆಳಗೆ ಕೊಬ್ಬರಿ ಬಿಡಿಸಲು ಬರುತ್ತಿದ್ದ ಒಬ್ಬ ಅಜ್ಜಿ, ಅದು ತನ್ನ ವಾರಗಿತ್ತಿಯ ಕೈ ಎಂದರು. ವಾರಗಿತ್ತಿ ತೀರಿಹೋಗಿದ್ದಳು. ಮಕ್ಕಳಿಲ್ಲ, ಬೇರೆ ಫೋಟೋ ಇಲ್ಲ. ಅದರ ಕೆಳಗೆ ಅವಳ ಹೆಸರು ಬರೆಯಬೇಕು, ಅಜ್ಜಿ ಕೇಳಿದ್ದು ಅಷ್ಟೇ. ಆದರೆ ಅದೇ ಕಾಯಿರಾಶಿಯ ಆಚೆ ಬದಿಗೆ ಕೂರುತ್ತಿದ್ದ ದಪ್ಪ ಕನ್ನಡಕದ ಅಜ್ಜಿ, ಆ ಕೈ ತನ್ನದೆಂದು ಮೊಮ್ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದರು. ಇಬ್ಬರು ಒಂದೇ ಹೆಸರು ಹೇಳುವ ತನಕ ಬರೆಯಬಾರದು ಎಂಬುದು ನಮ್ಮ ಕೋಣೆಯ ನಿಯಮ. ಅದನ್ನು ಮಾಡಿದವನು ನಾನೇ, ಯಾರಾದರೂ ಜಗಳಕ್ಕೆ ಬಂದಾರೆಂಬ ಭಯಕ್ಕೆ.

ಹೆಸರು ಬರೆಯಲು ಕೇಳಿದ ಅಜ್ಜಿಯನ್ನು ಮೇಲೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಸದ್ದು ಬಾರದಂತೆ ಕಿಟಕಿ ಮುಚ್ಚಿ, ಟೇಪ್ ರೆಕಾರ್ಡರ್ ಮುಂದಿಟ್ಟೆ. ಸೆಲ್ಲು ಮುಗಿದೀತೆಂದು ನಾನು ಮೂರು ಸಲ ಮುಚ್ಚಳ ತೆಗೆದು ನೋಡಿದೆ. ಅಜ್ಜಿ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡು, ತಮಗೇನೂ ನೆನಪಿಲ್ಲ ಎಂದು ಎದ್ದು ಹೋದರು.

ಟೈಲರಮ್ಮ ನಕ್ಕು, ಸುಮ್ಮನೆ ಕೂರಿಸಿದರೆ ಯಾರು ತಾನೇ ಮಾತಾಡುತ್ತಾರೆ ಎಂದರು. ನಿಜವೇ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯ ಚಿಪ್ಪನ್ನು, ಒಳಗಿನ ಕೊಬ್ಬರಿ ಉಂಡೆ ಸೀಳದ ಹಾಗೆ ತಟ್ಟಿ ಬಿಡಿಸಬೇಕು. ಆ ಕೆಲಸಕ್ಕೆ ಕೂತವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮುಂದಿನ ವಾರ ಟೇಪನ್ನೇ ರಾಶಿಯ ಪಕ್ಕಕ್ಕೆ ಒಯ್ದೆವು.

ಚಿಪ್ಪಿನ ಸದ್ದಿನ ನಡುವೆ ಅದೇ ಅಜ್ಜಿ ಶುರುಮಾಡಿದರು. "ಲಾರಿಯೋನು ಹಾರನ್ ಹೊಡೀತಾನೇ ಅವ್ನೆ. ನಾವೆಲ್ಲ ಚರಂಡಿ ಪಕ್ಕ ನಿಂತಿದ್ವಿ ಕಣಪ್ಪ. ಇವ್ಳು ಹೋದ್ಲು, ಬಿಂದಿಗೆ ಮಡಗ್ಬುಟ್ಲು."

ರಾಶಿಯಲ್ಲಿದ್ದ ಇನ್ನೊಬ್ಬಳು ಕನ್ನಡಕದ ಅಜ್ಜಿಯನ್ನು ಕೆಣಕಿದಳು. "ಅಕ್ಕಯ್ಯ, ಆವತ್ತು ನಿನ್ ಕೈ ಇಷ್ಟು ಸಣ್ಣಕ್ಕಿತ್ತಾ?"

"ನಾನೂ ಒಂದ್ ಕಾಲ್ದಲ್ಲಿ ಸಣ್ಣಕ್ಕೇ ಇದ್ದೆ ಕಣೇ," ಎಂದರು ಕನ್ನಡಕದ ಅಜ್ಜಿ. ಎಲ್ಲರೂ ನಕ್ಕರು. ವಾರಗಿತ್ತಿಯ ಹೆಸರು ಕೇಳಿದ್ದ ಅಜ್ಜಿ ಮಾತ್ರ ನಗದೆ ಕಾಯಿ ತಟ್ಟುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಕನ್ನಡಕದ ಅಜ್ಜಿ ಅವರನ್ನೇ ಸ್ವಲ್ಪ ಹೊತ್ತು ನೋಡಿ, ಕತ್ತಿಯನ್ನು ಕೆಳಗಿಟ್ಟರು.

"ನಾನು ಆವತ್ತು ಚಿಲ್ಕ ಹಾಕ್ಕಂಡು ಒಳಗಿದ್ದೆ. ಹೆದ್ರಿಕೆ. ಕೈ ಅವ್ಳದೇ ಬುಡು."

ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಅವರೇ ಮೆಲ್ಲಗೆ ಸೇರಿಸಿದರು. "ಬಿಂದಿಗೆ ನಂದು. ಅವ್ಳ ಬಿಂದಿಗೆ ತೂತಾಗಿತ್ತು. ಹಿಂದಿನ ಬಾಗ್ಲಲ್ಲಿ ಬಂದು ಇಸ್ಕೊಂಡು ಹೋದ್ಲು."

ನಂಬರ್ ಪ್ಲೇಟು ಬರೆದು ಪಳಗಿದ ಸಾಹೇಬರು, ಅಂಚಿನ ಕೈಯ ಕೆಳಗೆ ಆ ಹೆಸರನ್ನು ಬರೆದರು. ಅದರ ಕೆಳಗೆ, ಬಿಂದಿಗೆ ಕೊಟ್ಟವರು ಎಂದು ಇನ್ನೊಂದು ಹೆಸರು. ನಿಯಮದಲ್ಲಿ ಬಿಂದಿಗೆಗೆ ಜಾಗವಿದೆಯೇ ಎಂದು ನಾನು ಯೋಚಿಸುವಷ್ಟರಲ್ಲಿ ಮಸಿ ಒಣಗಿತ್ತು.

ವಾರಗಿತ್ತಿಯ ಹೆಸರು ನೋಡಲು ಅಜ್ಜಿ ಬಂದರು. ಅವರು ಮೆಟ್ಟಿಲು ಹತ್ತುವಾಗ ಹಿಂದೆ ನಾನು, ಬಿದ್ದರೆ ಹಿಡಿಯಲೆಂದು, ಹಿಡಿಯಲಾರೆನೆಂಬ ಖಾತ್ರಿಯೊಂದಿಗೆ. ಅವರಿಗೆ ಓದು ಬರುತ್ತಿರಲಿಲ್ಲ.

"ಎಲ್ಲಿಂದ ಎಲ್ಲಿಗಂಟ ಇವ್ಳು?" ಎಂದು ಕೇಳಿದರು.

ಮೊದಲಕ್ಷರ ತೋರಿಸಿದೆ, ಕೊನೆಯಕ್ಷರ ತೋರಿಸಿದೆ. ಅಜ್ಜಿ ಅಲ್ಲಿಂದ ಅಲ್ಲಿಗೆ ಬೆರಳಾಡಿಸಿದರು. ಬಿಸಿಲಿನ ಕೋಲು ಅವರ ಕೈಮೇಲೆ ಬಿದ್ದಿತ್ತು. ಆಮೇಲೆ, ಅಡಿಗೆಮನೆಯಿಂದ ಹಿತ್ತಲಿಗೆ ಕೂಗುವಷ್ಟು ದನಿಯಲ್ಲಿ, ಆ ಹೆಸರನ್ನು ಒಂದು ಸಲ ಕರೆದರು.