ಅತ್ತೆಯ ಹಿತ್ತಲಿನ ನೀರುನಾಯಿ

ಬಾಯಿಬೀಗ ಎಂಬುದು ಹೆಂಡತಿಯ ಮನೆಯವರು ಅವನಿಗಿಟ್ಟ ಹೆಸರು. ಎಲ್ಲಿಗೆ ಹೊರಟಿರಿ ಎಂದು ಯಾರೇ ಕೇಳಲಿ, "ಇಲ್ಲೇ, ಹತ್ತಿರ" ಅನ್ನುವುದೇ ಅವನ ಉತ್ತರ. ತರಕಾರಿ ತರಲು ಹೊರಟಿದ್ದರೂ ಅಷ್ಟೇ. ಪಾಪ, ಅವನ ಕೆಲಸವೇ ಹಾಗಿತ್ತು. ಕಾಡುಪ್ರಾಣಿಗಳ ಮೈಗೆ ಕಟ್ಟಿದ ಪುಟ್ಟ ಯಂತ್ರಗಳು ಕಳಿಸುವ ಮಾಹಿತಿಯನ್ನು ಅವನು ಕಂಪ್ಯೂಟರಿನಿಂದ ಎರಡು ಫೈಲುಗಳಾಗಿ ಹೊರತೆಗೆಯುತ್ತಿದ್ದ. ಒಂದು ಸಂಶೋಧಕರಿಗೆ, ಅದರಲ್ಲಿ ಪ್ರಾಣಿ ಇದ್ದ ಜಾಗ ಇದ್ದ ಹಾಗೇ ಇರುತ್ತದೆ. ಇನ್ನೊಂದು ಸಾರ್ವಜನಿಕರ ನಕ್ಷೆಗೆ. ಅದರಲ್ಲಿ ಪ್ರತಿ ಚುಕ್ಕೆಯನ್ನೂ ಬೇಕೆಂದೇ ಒಂದೆರಡು ಕಿಲೋಮೀಟರ್ ಆಚೀಚೆ ಸರಿಸುತ್ತಾರೆ. ಇಲ್ಲದಿದ್ದರೆ ಕ್ಯಾಮೆರಾ ಹಿಡಿದವರೂ ಬಲೆ ಹಿಡಿದವರೂ ನೆಟ್ಟಗೆ ಬಿಲದ ಬಾಯಿಗೇ ಬಂದು ನಿಲ್ಲುತ್ತಾರೆ.

ಆ ಸಲ ಮರಿ ಹಾಕಿದ್ದ ನೀರುನಾಯಿಯೊಂದರ ಬಿಲದ ಚುಕ್ಕೆಯನ್ನು ಕಂಪ್ಯೂಟರ್ ತನಗೆ ತೋಚಿದ ಕಡೆ ಸರಿಸಿತು. ಎಲ್ಲಿ ಬಿತ್ತೆಂದು ನಮ್ಮ ಮಹಾಶಯ ತಿರುಗಿಯೂ ನೋಡಲಿಲ್ಲ. ನಕ್ಷೆ ಪ್ರಕಟವಾಯಿತು. ಚುಕ್ಕೆ ಬಿದ್ದದ್ದು ಕಾಲುವೆಗೆ ಆತುಕೊಂಡಿದ್ದ ಅವನ ಅತ್ತೆಯ ಹಿತ್ತಲಿನಲ್ಲಿ.

ಭಾನುವಾರ ಬೆಳಿಗ್ಗೆ ಅತ್ತೆ ಬಂದರು. ಅವರ ಬಾಯಿಗೂ ಬೀಗಕ್ಕೂ ಆಗಿಬರುತ್ತಿರಲಿಲ್ಲ.

"ಅಳಿಯಂದಿರೇ, ಬಟ್ಟೆ ಒಣಹಾಕೋಕೆ ಹೋದ್ರೆ ಬೇಲಿ ತುಂಬಾ ತಲೆಗಳು. ನಿಮ್ಮ ನಕ್ಷೆ ತೋರಿಸಿ, ನೀರುನಾಯಿ ಎಲ್ಲಿ ಅಂತ ನನ್ನನ್ನೇ ಕೇಳ್ತಾರೆ. ಆ ಚುಕ್ಕೆ ತೆಗೆಸ್ತೀರೋ ಇಲ್ವೋ?"

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ತೆಗೆದರೆ, ಅದು ಸುಳ್ಳೆಂದು ತಾನೇ ಡಂಗುರ ಸಾರಿದಂತೆ. ಜನ ಕಾಲುವೆಗುಂಟ ಹುಡುಕುತ್ತ ಹೋದರೆ ನಿಜವಾದ ಬಿಲ ಸಿಕ್ಕೇಬಿಡುತ್ತದೆ. ತಾಯಿ ಬೆದರಿ ಓಡಿದರೆ, ಇನ್ನೂ ಕಣ್ಣು ಬಿಡದ ಮರಿಗಳ ಗತಿ?

ಬೇರೆ ದಾರಿ ಕಾಣದೆ ಚುಕ್ಕೆಯ ಕಥೆಯನ್ನೆಲ್ಲ ಹೇಳಿಬಿಟ್ಟ. "ಅತ್ತೆ, ನಿಜವಾಗಿ ಬಿಲ ಇರೋದು..."

"ಬೇಡ, ಹೇಳಬೇಡಿ," ಅತ್ತೆ ತಡೆದರು. "ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ಮರಿಗಳು ಯಾವಾಗ ಈಜ್ತವೆ, ಅಷ್ಟು ಹೇಳಿ ಸಾಕು."

"ಒಂದೆರಡು ತಿಂಗಳಾದ್ರೂ ಬೇಕು."

ಮರುದಿನವೇ ಅತ್ತೆ ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂತರು. "ಅಯ್ಯೋ, ಈಗ ತಾನೇ ಮುಳುಗ್ತು ನೋಡಿ, ಸ್ವಲ್ಪ ಕಾಯಿರಿ," ಎಂದು ಬಂದವರನ್ನೆಲ್ಲ ಕೂರಿಸುವುದು, ಮಾತು ಶುರುಮಾಡುವುದು. ಹುಟ್ಟಿದಾಗಿನಿಂದ ನೀರುನಾಯಿಯನ್ನು ಕಂಡವರಲ್ಲ. ಆದರೂ ಅದರ ಮೀಸೆ, ಮುನಿಸು, ಮೀನಿನ ಆಸೆ ಎಲ್ಲವನ್ನೂ ಕಣ್ಣಿಗೆ ಕಟ್ಟಿದ ಹಾಗೆ ವರ್ಣಿಸುತ್ತಿದ್ದರು. ಗಂಡು ನೀರುನಾಯಿಯ ಸೋಮಾರಿತನವನ್ನಂತೂ ಒಳಗೆ ಗೊರಕೆ ಹೊಡೆಯುತ್ತಿದ್ದ ಮಾವನವರನ್ನು ನೆನೆದೇ ಹೇಳುತ್ತಿದ್ದರು. ಬಂದವರು ಹೊತ್ತು ಮುಳುಗುವ ತನಕ ಕಾದು, ತಮ್ಮ ಅದೃಷ್ಟವನ್ನೇ ಬೈದುಕೊಂಡು ಮನೆಗೆ ಹೋಗುತ್ತಿದ್ದರು. ನಿಜವಾದ ಬಿಲವಿದ್ದ ಕಾಲುವೆಯ ಮೇಲ್ಗಡೆಗೆ ಒಬ್ಬರೂ ಕಾಲಿಡಲಿಲ್ಲ.

ಮರಿಗಳು ನೀರಿಗಿಳಿದ ವಾರ, ಅಳಿಯ ಅತ್ತೆಯೊಬ್ಬರನ್ನೇ ಆ ಬಿಲದ ಬಳಿಗೆ ಕರೆದುಕೊಂಡು ಹೋದ. ಜೊಂಡಿನ ಮರೆಯಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ತಾಯಿಯ ಹಿಂದೆ ಮೂರು ಪುಟ್ಟ ತಲೆಗಳು ತೇಲಿಬಂದವು. ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು, ಕಣ್ಣು ತುಂಬಿತ್ತು.

ಮನೆಗೆ ಬಂದಾಗ ಅವನ ಹೆಂಡತಿ ಬಾಗಿಲಲ್ಲೇ ಹಿಡಿದಳು. "ಅಮ್ಮ, ಇಬ್ಬರೂ ಎಲ್ಲಿಗೆ ಹೋಗಿದ್ರಿ?"

ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಚಪ್ಪಲಿ ಬಿಡುತ್ತ ಹೇಳಿದರು: "ಇಲ್ಲೇ, ಹತ್ತಿರ."